ಚಿಲಕದ ಮೇಲಿನ ಕೈ

ಕನ್ನಡಕದ ಅಂಗಡಿಯವನು ನಾಲ್ಕು ಗಂಟೆಗೆ ಬರುತ್ತೇನೆ ಎಂದಿದ್ದ. ಮೂರೂವರೆಗೇ ಹೆಂಡತಿ ಕುರ್ಚಿಗಳನ್ನು ಒರೆಸಿ, ಕಿಟಕಿಯ ಪರದೆ ಸರಿಸಿ, ಕಾದಂಬರಿಯ ಎಂಟು ಸಂಪುಟಗಳನ್ನೂ ಟೀಪಾಯಿಯ ಮೇಲೆ ಒಂದರ ಮೇಲೊಂದು ಪೇರಿಸಿಟ್ಟಿದ್ದಳು. ಗಂಡ ಬನಿಯನ್ನಿನಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದ. ಭಾವಮೈದುನ ಬಂದಾಗಲೂ ಈ ಮನೆಯಲ್ಲಿ ಕುರ್ಚಿ ಒರೆಸಿದ್ದು ಅವನಿಗೆ ನೆನಪಿಲ್ಲ. "ಷರ್ಟ್ ಹಾಕ್ಕೊಳ್ರೀ," ಎಂದಳು, ಅವನ ಕಡೆ ತಿರುಗದೆ. ಹಾಕಿಕೊಂಡ. ಗುಂಡಿ ಹಾಕುವಾಗ ಕಣ್ಣು ತಾನಾಗಿ ಕಪಾಟಿನ ಮೇಲಿದ್ದ ದಪ್ಪ ನಿಘಂಟಿನ ಕಡೆಗೆ ಹೋಯಿತು. ಅದರೊಳಗೆ ಒಂದು ಹಾಳೆ ಇತ್ತು. ಎಂಟನೆಯ ಸಂಪುಟದ ಕಟ್ಟಕಡೆಯ ಹಾಳೆ, ಅಚ್ಚಾಗದೆ ಉಳಿದದ್ದು. ಲೇಖಕಿ ತೀರಿಕೊಂಡು ಐದು ತಿಂಗಳು, ಪುಸ್ತಕ ಹೊರಬಂದು ಏಳು ವಾರ ಆಗಿತ್ತು. ಅಂಥ ಒಂದು ಹಾಳೆ ಇದೆಯೆಂಬುದು ಬದುಕಿರುವವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅಚ್ಚುಮನೆಯಲ್ಲಿ ಅವನದು ಕರಡು ತಿದ್ದುವ ಕೆಲಸ. ಇಪ್ಪತ್ತೇಳು ವರ್ಷವಾಯಿತು. ಅಲ್ಲಿ ಎಲ್ಲರೂ ಅವನನ್ನು ಬೆನ್ನ ಹಿಂದೆ ಅಲ್ಪವಿರಾಮ ಎನ್ನುತ್ತಾರೆ, ಒಮ್ಮೊಮ್ಮೆ ಎದುರಿಗೂ. ಈ ಎಂಟು ಸಂಪುಟಗಳ ಒಂದೊಂದು ಅಕ್ಷರವೂ ಅವನ ಪೆನ್ಸಿಲಿನ ಕೆಳಗೆ ಮೂರು ಮೂರು ಸಲ ಹಾದುಹೋಗಿದೆ. ಆದರೆ ಕತೆ ಏನು ಎಂದು ಕೇಳಿದರೆ ತಡವರಿಸುತ್ತಾನೆ. ಯಾರೋ ಒಬ್ಬಳು ಹಗ್ಗ ಹೊಸೆಯುವ ಕಾರ್ಖಾನೆ ನಡೆಸುತ್ತಾಳೆ. ಗಂಡ ಮೊದಲನೆಯ ಸಂಪುಟದಲ್ಲಿ ಜಗಳವಾಡಿ ಮನೆ ಬಿಟ್ಟು ಹೋಗುತ್ತಾನೆ. ಇಪ್ಪತ್ತೆರಡು ವರ್ಷ ಅವಳು ಕಾಯುತ್ತಾಳೆ, ಅಥವಾ ಕಾಯುವುದಿಲ್ಲ. ಇಷ್ಟು ಅವನಿಗೆ ತಿಳಿದದ್ದೂ ಹೆಂಡತಿಯ ಬಾಯಿಂದಲೇ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: "ಅರ್ಥದ ಹಿಂದೆ ಹೋದೆಯೋ, ಕೆಟ್ಟೆ. ಅಕ್ಷರ ನೋಡು." ಅವನು ಅಕ್ಷರ ನೋಡಿದ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ತಪ್ಪು ತೆಗೆದ, ಬೆಣ್ಣೆಯ ರುಚಿ ಮಾತ್ರ ನೋಡಲಿಲ್ಲ. ಹೆಂಡತಿಯ ಓದು ಬೇರೆಯೇ. ಮೊದಲನೆಯ ಸಂಪುಟವನ್ನು ಅವಳ ಅಕ್ಕ ಮದುವೆಯ ವರ್ಷ ಕೊಟ್ಟಿದ್ದಳು. ಹೊಸದೊಂದು ಸಂಪುಟ ಬಂದಾಗಲೆಲ್ಲ ಅವಳು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಹಾಗಾಗಿ ಮೊದಲನೆಯದನ್ನು ಎಂಟು ಸಲ ಓದಿದ್ದಾಳೆ, ನೆಗಡಿ ಬಂದಾಗ ಓದಿದ್ದು ಲೆಕ್ಕಕ್ಕಿಲ್ಲ. ಓದಿದ್ದನ್ನೇ ಎಷ್ಟು ಸಲ ಓದ್ತೀಯೆ ಎಂದು ಒಮ್ಮೆ ರೇಗಿಸಿದಾಗ, "ಕತೆ ಅದೇ ಇರುತ್ತೆ ರೀ, ನಾನು ಬೇರೆ ಆಗಿರ್ತೀನಿ," ಎಂದಿದ್ದಳು. ಆ ಬೇರೆ ಆದವಳು ಯಾರು, ಯಾವಾಗ ಆದಳು, ತನಗೇಕೆ ಗೊತ್ತಾಗಲಿಲ್ಲ ಎಂದು ಅವನು ಆ ದಿನವೆಲ್ಲ ಯೋಚಿಸಿದ್ದ. ಅವಳು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸದವಳು. ಹೆದರುವವರ ತೋಳು ಹಿಡಿದು ಹಗ್ಗದ ಕಾರ್ಖಾನೆಯ ಕತೆ ಹೇಳುತ್ತಾಳಂತೆ. ಅವರು ಮುಂದೇನಾಯ್ತು ಎಂದು ಕೇಳುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತದೆ. ಊರಿನವರಿಗೆಲ್ಲ ಹೇಳುವ ಕತೆಯನ್ನು ಅವನಿಗೆ ಮಾತ್ರ ಹೇಳುವುದಿಲ್ಲ. ನಿಮಗೆ ಗೊತ್ತಲ್ಲ, ನೀವೇ ತಿದ್ದಿದ್ದಲ್ವಾ ಎನ್ನುತ್ತಾಳೆ.

ಅಂಥವಳಿಗೆ ಎರಡು ವರ್ಷದ ಹಿಂದೆ ಹತ್ತಿರದ ಅಕ್ಷರ ಮಬ್ಬಾಗತೊಡಗಿತು. ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯವನು ಓದಿಸಿ ನೋಡಲು ಕೈಗೆ ಕೊಟ್ಟದ್ದು ಮಾಮೂಲಿ ಅಕ್ಷರಗಳ ಕಾರ್ಡಲ್ಲ, ಅದೇ ಮೊದಲನೆಯ ಸಂಪುಟದಿಂದ ಹರಿದು ಪ್ಲಾಸ್ಟಿಕ್ಕಿಗೆ ಹಾಕಿಸಿದ ಒಂದು ಪುಟ. ಅವಳು ಕನ್ನಡಕವಿಲ್ಲದೆ ಗಡಗಡನೆ ಓದಿಬಿಟ್ಟಳು. ಅವನು ಬೆರಗಾಗಿ ಅದೇ ಪುಸ್ತಕದ ಇನ್ನೂ ಸಣ್ಣ ಅಕ್ಷರದ ಪುಟ ಕೊಟ್ಟ, ಅದನ್ನೂ ಓದಿದಳು. ಕೊನೆಗೆ ಪುಟವನ್ನು ತಲೆಕೆಳಗು ಹಿಡಿದರೂ ಓದಿದಳಂತೆ. ಆಗ ಇಬ್ಬರಿಗೂ ತಿಳಿಯಿತು, ಅವಳು ಓದುತ್ತಲೇ ಇಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾಳೆ ಎಂದು. ಇದನ್ನು ಅವಳು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ್ದಳು. ಗಂಡನೂ ನಕ್ಕ. ನಗುವಾಗಲೇ ಒಳಗೆ ಏನೋ ಚುರ್ ಎಂದಿತು. ಹಾಲಿನವನು ಅವಳಿಗೆ ಅಣ್ಣ, ಬಸ್ಸಿನ ಕಂಡಕ್ಟರ್ ಅಣ್ಣ, ಜಗಳವಾಡಿದ ಪಕ್ಕದ ಮನೆಯವನೂ ಅಣ್ಣ. ಕನ್ನಡಕದವನನ್ನು ಮಾತ್ರ ಅವಳು ಅಣ್ಣ ಎನ್ನಲಿಲ್ಲ. "ಅವರು" ಎನ್ನುತ್ತಾಳೆ. ಗಂಡನ ಹೆಸರು ಹೇಳದವರು ಹೇಳುವಂಥ "ಅವರು". ಇದೊಂದನ್ನು ಅವನು ಎರಡು ವರ್ಷದಿಂದ ಹಲ್ಲಿನ ಸಂದಿಯ ನಾರಿನ ಹಾಗೆ ನಾಲಗೆಯಲ್ಲಿ ತಡವಿಕೊಂಡೇ ಇದ್ದ. ತಡವಿದಷ್ಟೂ ಅದು ದೊಡ್ಡದಾಗುತ್ತಿತ್ತು. ಅನುಮಾನಿಸುವಂಥದ್ದೇನೂ ಇಲ್ಲ, ಅದು ಅವನಿಗೆ ಗೊತ್ತು. ಕನ್ನಡಕದವನು ಐವತ್ತು ದಾಟಿದ, ಹೆಂಡತಿಯನ್ನು ಕಳೆದುಕೊಂಡ, ಕಿವಿಯಲ್ಲಿ ಕೂದಲು ಬೆಳೆದ ಸಾಧು ಮನುಷ್ಯ. ಅವರಿಬ್ಬರ ನಡುವೆ ಇರುವುದು ಪುಸ್ತಕ ಮಾತ್ರ. ಪುಸ್ತಕ ಮಾತ್ರ ಎಂದಾಗಲೇ ಅವನ ಹೊಟ್ಟೆ ಇನ್ನೂ ಜೋರಾಗಿ ಉರಿಯುತ್ತಿತ್ತು. ಏಕೆಂದರೆ ಪುಸ್ತಕ ತನ್ನದು. ತನ್ನ ಕೈಯಿಂದಲೇ ಅವರಿಬ್ಬರ ಕೈಗೆ ಹೋದದ್ದು.

ಎಂಟನೆಯ ಸಂಪುಟದ ಕೊನೆಯ ಅಧ್ಯಾಯ ಅಂಚೆಯಲ್ಲಿ ಬಂದ ದಿನ ಅವನು ಎಂದೂ ಮಾಡದ ಕೆಲಸ ಮಾಡಿದ. ಲೇಖಕಿ ಹಳೆಯ ಟೈಪ್‌ರೈಟರಿನಲ್ಲಿ ಬಡಿದು ಕಳಿಸುತ್ತಿದ್ದರು. ಮರುಪ್ರತಿ ಇಟ್ಟುಕೊಳ್ಳುತ್ತಿರಲಿಲ್ಲ, ಪುಟಸಂಖ್ಯೆಯನ್ನೂ ಹಾಕುತ್ತಿರಲಿಲ್ಲ. ಮೊದಲು ಪೆನ್ಸಿಲಿನಲ್ಲಿ ತಿದ್ದಿ ಆಮೇಲೆ ಸಂಖ್ಯೆ ಹಾಕುವುದು ಅವನ ರೂಢಿ. ತಿದ್ದಿ ಮುಗಿಸಿದ, ಸಂಖ್ಯೆ ಹಾಕಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ. ಇದರೊಳಗೆ ಏನಿದೆ ಹೇಳು ನೋಡೋಣ ಎನ್ನಬೇಕು, ಅವಳು ಕಣ್ಣರಳಿಸಬೇಕು, ಕೊಡ್ರೀ ಎಂದು ಗೋಗರೆಯಬೇಕು, ತಾನು ಸ್ವಲ್ಪ ಸತಾಯಿಸಿ ಕೊಡಬೇಕು. ದಾರಿಯುದ್ದಕ್ಕೂ ಇದೇ ಲೆಕ್ಕಾಚಾರ. ಅವಳು ಚೀಲ ಕಂಡದ್ದೇ ಎರಡು ಕಿವಿಯನ್ನೂ ಮುಚ್ಚಿಕೊಂಡಳು. "ಬೇಡ ರೀ, ದಮ್ಮಯ್ಯ, ಏನೂ ಹೇಳ್ಬೇಡಿ. ಪುಸ್ತಕ ಬಂದ್ಮೇಲೆ ಒಟ್ಟಿಗೆ ಓದೋಣ ಅಂತ ಮಾಡ್ಕೊಂಡಿದೀವಿ." ಮಾಡ್ಕೊಂಡಿದೀವಿ! ಆ ಬಹುವಚನದಲ್ಲಿ ತಾನಿಲ್ಲ ಎಂಬುದು ಅವನಿಗೆ ತಕ್ಷಣ ಗೊತ್ತಾಯಿತು. ಚೀಲದಿಂದ ಅರ್ಧ ಎಳೆದಿದ್ದ ಹಾಳೆಗಳನ್ನು ಹೇಗೆ ಹೇಗೋ ಒಳಕ್ಕೆ ತುರುಕಿದ. ಮಾರನೆಯ ದಿನ ತೆಗೆದು ಸಂಖ್ಯೆ ಹಾಕಿ ಅಕ್ಷರ ಜೋಡಿಸುವವಳಿಗೆ ಕೊಟ್ಟ. ಅವಳು ಮುಗಿಸಿ, "ಇಷ್ಟಕ್ಕೇ ಮುಗೀತಾ ಸಾರ್? ಬಾಗಿಲು ತಟ್ಟಿದ್ದು ಯಾರು ಅಂತಾನೇ ಇಲ್ವಲ್ಲ?" ಎಂದಿದ್ದಳು. ಪ್ರತಿಯಲ್ಲಿ ಎಷ್ಟಿದೆಯೋ ಅಷ್ಟು ಎಂದು ಅವನು ತಲೆ ಎತ್ತದೆ ಹೇಳಿದ್ದ. ಕರಡನ್ನು ಪ್ರತಿಯೊಂದಿಗೆ ಹೋಲಿಸಿ ನೋಡಿದ, ಅಕ್ಷರಕ್ಕೆ ಅಕ್ಷರ ತಾಳೆಯಾಯಿತು. ಕತೆ ಓದುವ ಯಾವನಾದರೂ ಹಿಡಿಯುತ್ತಿದ್ದ. ಕಸುಬು ಬಲ್ಲವನಾದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಪ್ರತಿ ಕಳಿಸಿದ ಎಂಟೇ ದಿನಕ್ಕೆ ಲೇಖಕಿ ತೀರಿಕೊಂಡಿದ್ದರಿಂದ ಕೇಳುವವರೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಅದು ಬರಿಯ ತಪ್ಪು. ಆದರೆ ಪುಸ್ತಕ ಯಂತ್ರದ ಮೇಲಿದ್ದ ದಿನ, ಊಟದ ಡಬ್ಬಿಯ ಎಣ್ಣೆ ಚೆಲ್ಲಿತೆಂದು ಚೀಲ ತೊಳೆಯಲು ಹೋಗಿ, ತಳದ ರಟ್ಟಿನ ಅಡಿಯಲ್ಲಿ ಆ ಹಾಳೆ ಸಿಕ್ಕಿತು. ತನ್ನದೇ ಪೆನ್ಸಿಲಿನ ಎರಡು ಗುರುತು ಅದರ ಮೇಲೆ. ಯಜಮಾನರ ಕೋಣೆ ಹತ್ತು ಹೆಜ್ಜೆ. ಯಂತ್ರ ನಿಲ್ಲಿಸಿ ಎಂದರೆ ನಿಲ್ಲುತ್ತಿತ್ತು, ಕೊನೆಯ ಪುಟಗಳ ಫಾರಂ ಇನ್ನೂ ಯಂತ್ರಕ್ಕೆ ಹಾಕಿರಲಿಲ್ಲ. ಅವನು ಎದ್ದ. ಎದ್ದು ನಿಂತಾಗ, ಬೆಳಗ್ಗೆ ಹೆಂಡತಿ ಹೇಳಿದ್ದು ನೆನಪಾಯಿತು: ಪುಸ್ತಕ ಬಂದ ದಿನ ರಜೆ ಹಾಕುತ್ತಾಳಂತೆ, ಅವನೂ ಅಂಗಡಿಗೆ ಬೀಗ ಹಾಕುತ್ತಾನಂತೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರಂತೆ. ಓದಲಿ, ಎನ್ನಿಸಿತು ಅವನಿಗೆ. ಓದಲಿ, ಓದಿ ಓದಿ ಕೊನೆಗೆ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಗಲಿ. ಕೂತ. ಒಂದು ಗಂಟೆ ಕೂತಿದ್ದ. ಆಮೇಲೆ ಎದ್ದರೂ ಪ್ರಯೋಜನವಿರಲಿಲ್ಲ.

ಆದದ್ದೇ ಬೇರೆ. ಪುಸ್ತಕ ಹೊರಬಂದ ವಾರದಲ್ಲೇ ಅಚ್ಚುಮನೆಗೆ ಕಾಗದಗಳ ಸುರಿಮಳೆ. 'ಅವಳು ಚಿಲಕದ ಮೇಲೆ ಕೈ ಇಟ್ಟಳು' ಎಂಬುದು ಅಚ್ಚಾದ ಪುಸ್ತಕದ ಕೊನೆಯ ಸಾಲು. ಇದಕ್ಕಾಗಿಯೇ ನಾವು ಇಷ್ಟು ವರ್ಷ ಕಾದೆವಾ ಎಂದು ಒಬ್ಬ ಮೇಷ್ಟ್ರು ಬೈದು ಬರೆದಿದ್ದರು. ಪುಸ್ತಕವನ್ನು ಗೋಡೆಗೆ ಎಸೆದೆ, ಆಮೇಲೆ ಅತ್ತುಕೊಂಡು ಎತ್ತಿಕೊಂಡೆ, ಈಗ ಮತ್ತೆ ಒಂದನೆಯ ಸಂಪುಟ ಹಿಡಿದಿದ್ದೇನೆ ಎಂದು ಒಬ್ಬಾಕೆ. ಬಾಣಂತಿಯೊಬ್ಬಳು, ಮಗುವಿಗೆ ಹಾಲೂಡಿಸುವಾಗೆಲ್ಲ ಆ ಚಿಲಕವೇ ಕಣ್ಣ ಮುಂದೆ ಬರುತ್ತದೆ, ಅವಳು ತೆಗೆದಳೋ ಇಲ್ಲವೋ ದಯವಿಟ್ಟು ತಿಳಿಸಿ ಎಂದು ಮರು ಅಂಚೆಗೆ ಕವರನ್ನೂ ಇಟ್ಟಿದ್ದಳು. ಆ ಕವರನ್ನು ಅವನು ಮೂರು ದಿನ ಮೇಜಿನ ಮೇಲಿಟ್ಟುಕೊಂಡಿದ್ದು ಆಮೇಲೆ ಡ್ರಾಯರಿಗೆ ಹಾಕಿದ. "ಏನು ಮುಕ್ತಾಯ ರೀ!" ಎಂದು ಯಜಮಾನರು ಅವನ ಬೆನ್ನು ತಟ್ಟಿದರು. "ಸಾಯೋ ಹೊತ್ತಿಗೆ ಆ ಯಮ್ಮ ಎಂಥಾ ಧೈರ್ಯ ಮಾಡಿದ್ರು ನೋಡಿ. ಇನ್ನೊಬ್ರಾಗಿದ್ರೆ ಬಾಗಿಲು ತೆಗೆಸಿ ಪಾಯಸ ಮಾಡಿಸ್ತಿದ್ರು." ಬೆನ್ನು ತಟ್ಟಿದ ಜಾಗ ಇಡೀ ದಿನ ಬಿಸಿಯಾಗಿತ್ತು. ಮನೆಯಲ್ಲಿ? ಮನೆಯಲ್ಲಿ ಹೆಂಡತಿಯ ಮುಖಕ್ಕೆ ಎಂದೂ ಇಲ್ಲದ ಕಳೆ. ಅವರಿಬ್ಬರ ಮಾತು ಮುಗಿಯುವ ಬದಲು ಅಲ್ಲಿಂದ ಶುರುವಾಗಿತ್ತು. ತೆಗೆದಳಾ, ತೆಗೆಯಲಿಲ್ಲವಾ? ಒಂದು ಉತ್ತರ ಸಿಕ್ಕಿದ್ದರೆ ಒಂದು ಸಂಜೆಗೆ ಮುಗಿದುಹೋಗುತ್ತಿದ್ದದ್ದು, ಉತ್ತರವಿಲ್ಲದ್ದರಿಂದ ಏಳು ವಾರ ನಡೆದಿತ್ತು. ತಾನು ತೋಡಿದ ಹಳ್ಳದಲ್ಲಿ ಅವರಿಬ್ಬರೂ ಬಿಂದಿಗೆ ಬಿಂದಿಗೆ ನೀರು ಸೇದುತ್ತಿದ್ದರು, ದಡದಲ್ಲಿ ಅವನು ಬಾಯಾರಿ ನಿಂತಿದ್ದ.

ನಾಲ್ಕಕ್ಕೆ ಸರಿಯಾಗಿ ಕನ್ನಡಕದವನು ಬಂದ. ಅವನ ಕೈಯ ಪುಸ್ತಕದ ತುಂಬ ಕಣ್ಣಿನ ನಂಬರು ಬರೆಯುವ ಚೀಟಿಗಳ ಗುರುತು. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದು, "ನಮಸ್ಕಾರ ಸಾರ್. ಭಾನುವಾರಾನೂ ನಿಮಗೆ ತೊಂದ್ರೆ ಕೊಟ್ಟೆ," ಎಂದ. ಛೆ, ಛೆ, ಕೂತ್ಕೊಳ್ಳಿ ಎಂದು ಇವನು ಒರೆಸಿದ ಕುರ್ಚಿಯನ್ನು ಮತ್ತೆ ಒರೆಸಿದ. ಚಹಾ ಬಂತು. ಅವರಿಬ್ಬರೂ ಮೊದಲ ಗುಟುಕಿಗೇ ಮೂರನೆಯ ಸಂಪುಟಕ್ಕೆ ಇಳಿದುಬಿಟ್ಟರು.

"ಇಲ್ಲಿ ನೋಡಿ ಅಮ್ಮಾ," ಕನ್ನಡಕದವನು ಚೀಟಿ ತೆಗೆದ. "ಬೀಗ ಕೆಟ್ಟಾಗ ಅವಳು ರಿಪೇರಿ ಮಾಡ್ಸಲ್ಲ. ಚಿಲಕ ಒಂದೇ ಸಾಕು ಅಂತಾಳೆ. ಅವತ್ತು ನಾವಿದನ್ನ ಹಾಗೇ ದಾಟ್ಕೊಂಡು ಹೋಗಿದ್ವಿ."

"ಅಯ್ಯೋ, ಹೌದಲ್ವಾ!" ಹೆಂಡತಿ ಪುಸ್ತಕ ಕಿತ್ತುಕೊಂಡಳು. "ಆರು ಸಲ ಓದಿದೀನಿ, ಒಂದ್ಸಲಾನೂ ಕಣ್ಣಿಗೆ ಬಿದ್ದಿಲ್ಲ. ಬೀಗ ಹಾಕೋಳು ಹೊರಗಿನವಳು, ಚಿಲಕ ಹಾಕೋಳು ಒಳಗಿರೋಳು. ಅವಳು ಆಗ್ಲೇ ತೀರ್ಮಾನ ಮಾಡ್ಬಿಟ್ಟಿದ್ಲು!"

ಅವಳ ಮುಖ ಅವನು ನೋಡುತ್ತಿದ್ದ. ಹಳೆಯ ಪೆಟ್ಟಿಗೆಯ ತಳದಲ್ಲಿ ಮರೆತ ಓಲೆ ಸಿಕ್ಕಿದವಳ ಮುಖ. ಒಮ್ಮೆ ಓದಿದ್ದನ್ನೇ ಓದಿ ಹೀಗೆ ಬೆಳಗಬಹುದಾದರೆ, ಒಂದೇ ಗಂಡನನ್ನು ಇಪ್ಪತ್ತೈದು ವರ್ಷ ನೋಡಿ ಒಮ್ಮೆಯೂ ಏಕೆ ಹೀಗೆ ಬೆಳಗಲಿಲ್ಲ? ತನ್ನಲ್ಲೂ ದಾಟಿಕೊಂಡು ಹೋದ ಸಾಲುಗಳು ಇದ್ದಾವು. ಯಾರೂ ಹಿಂದಕ್ಕೆ ತಿರುವಿ ನೋಡಲಿಲ್ಲ. ತಾನಾದರೂ ಅವಳನ್ನು ನೋಡಿದ್ದು ಹೇಗೆ? ಸಾರಿಗೆ ಉಪ್ಪು ಹೆಚ್ಚಾದದ್ದು ಕಂಡಿತು, ಹೇಳಿದ. ಲೆಕ್ಕ ತಪ್ಪಿದ್ದು ಕಂಡಿತು, ಹೇಳಿದ. ತಪ್ಪಿಲ್ಲದ ದಿನಗಳಲ್ಲಿ ಅವಳು ಏನು ಮಾಡುತ್ತಿದ್ದಳೋ ಅವನಿಗೆ ನೆನಪಿಲ್ಲ.

"ನನಗೊಂದು ಅನುಮಾನ ಇತ್ತು ಸಾರ್," ಕನ್ನಡಕದವನು ಇದ್ದಕ್ಕಿದ್ದಂತೆ ಇವನ ಕಡೆ ತಿರುಗಿದ. "ಕೊನೇ ಪುಟ ಆದ್ಮೇಲೆ ಇನ್ನೊಂದು ಪುಟ ಇತ್ತೇನೋ, ಎಲ್ಲೋ ಬಿಟ್ಟುಹೋಯ್ತೇನೋ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಬಟ್ಟಲಿನ ಸಮೇತ ಅಲುಗಿ ಚಹಾ ತೊಡೆಯ ಮೇಲೆ ಚೆಲ್ಲಿತು. ಹೆಂಡತಿ ಬಟ್ಟೆ ತಂದುಕೊಟ್ಟಳು. "ಏನ್ರೀ, ಮಕ್ಕಳ ಹಾಗೆ," ಎಂದಳು, ಪರರ ಎದುರಿಗೆ.

"ಆಮೇಲೆ ಮೊದಲಿಂದ ಓದಿದಾಗ ಅನುಮಾನ ಹೋಯ್ತು," ಕನ್ನಡಕದವನು ಮುಂದುವರಿಸಿದ. "ಇನ್ನೊಂದು ಸಾಲು ಬರೆದಿದ್ರೂ ಕೆಟ್ಟೋಗ್ತಿತ್ತು. ನೀವೇ ಮೊದಲು ಓದಿದವರು ಸಾರ್. ನಿಮಗೆ ಹೇಗನ್ನಿಸ್ತು, ಆ ಮುಕ್ತಾಯ?"

ಇಬ್ಬರೂ ಅವನನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಹೆಂಡತಿ ಅವನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿದ್ದಳು. "ಅಚ್ಚುಕಟ್ಟಾಗಿದೆ," ಎಂದ.

ಅವಳು ನಕ್ಕಳು. ಕೆಟ್ಟ ನಗುವಲ್ಲ. ಅವರ ಕೆಲಸವೇ ಹಾಗೆ ಬಿಡಿ, ಎನ್ನುವಂಥ, ಮರೆಮಾಚುವಂಥ ನಗು. ಕನ್ನಡಕದವನು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅವನು ಮರ್ಯಾದೆಯಿಂದ, ಹೌದು ಸಾರ್, ಒಂದು ತಪ್ಪೂ ಇಲ್ಲ ಎಂದ.

ಆರು ಗಂಟೆಗೆ ಅವನು ಎದ್ದು ಹೋದ. ಬಾಗಿಲ ತನಕ ಹೋದ ಹೆಂಡತಿ ಅಲ್ಲೇ ನಿಂತು ಇನ್ನೂ ಕಾಲು ಗಂಟೆ ಮಾತಾಡಿದಳು. ಇವನು ಬಟ್ಟಲುಗಳನ್ನು ಒಳಗೆ ಇಟ್ಟು, ಕಪಾಟಿನಿಂದ ನಿಘಂಟನ್ನು ಇಳಿಸಿದ. ಹಾಳೆ ಹೊರಗೆ ತೆಗೆದ. ಇನ್ನೊಂದು ಸಾಲು ಬರೆದಿದ್ದರೂ ಕೆಡುತ್ತಿತ್ತಂತೆ! ಬರೆದಿದ್ದಾರೆ ಕಣಯ್ಯ, ಒಂದಲ್ಲ, ಹದಿನಾಲ್ಕು ಸಾಲು ಬರೆದಿದ್ದಾರೆ. ಬಾಗಿಲು ತೆಗೆದಿದ್ದಾಳೆ. ಅವನು ಬಂದಿದ್ದಾನೆ. ನಿಮ್ಮ ಬೀಗ, ನಿಮ್ಮ ಚಿಲಕ, ನಿಮ್ಮ ಏಳು ವಾರದ ಹರಟೆ ಎಲ್ಲ ನನ್ನ ಚೀಲದ ತಳದಲ್ಲಿ ಉಳಿದ ಒಂದು ಹಾಳೆಯ ಪುಣ್ಯ. ಕೆಲಸ ಹೋದರೆ ಹೋಗಲಿ, ಎಂದುಕೊಂಡ. ಅವಳ ಮುಖದ ಆ ಬೆಳಕು ಆರುವುದನ್ನು ಒಮ್ಮೆ ನೋಡಿದರೆ ಸಾಕು. ಹೀಗೆ ಅಂದುಕೊಂಡವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಹಾಳೆಯನ್ನು ಒಳಗಿಡಲಿಲ್ಲ. ಅವಳು ಒಳಗೆ ಬಂದದ್ದೇ ಚಾಚಿದ. "ಓದು," ಎಂದ.

ಅವಳು ಹೊಸ ಕನ್ನಡಕ ಹಾಕಿಕೊಂಡು ನಿಂತೇ ಓದಿದಳು. ಎರಡನೆಯ ಸಾಲಿಗೆ ಹುಬ್ಬು ಮೇಲೇರಿತು. ಮಧ್ಯಕ್ಕೆ ಬಂದಾಗ ತುಟಿ ಬಿಗಿಹಿಡಿದಳು. ಕೊನೆಗೆ ತಡೆಯಲಾರದೆ ಪಕ್ಕನೆ ನಕ್ಕುಬಿಟ್ಟಳು.

"ಇದು ಯಾವಾಗ ಬರೆದ್ರಿ?"

ಅವನಿಗೆ ಅರ್ಥವಾಗಲಿಲ್ಲ.

"ಅಚ್ಚುಮನೆ ಮಿಷನ್ನಲ್ಲಿ ಬಡಿದಿದೀರಾ? ಮೇಲೆ ಪೆನ್ಸಿಲಲ್ಲಿ ತಿದ್ದಿ ಬೇರೆ ಇಟ್ಟಿದೀರಿ. ಬರೆದೋರೂ ನೀವೇ, ತಿದ್ದೋರೂ ನೀವೇ!" ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. "ಕೇಳಿ: ಬಾಗಿಲು ತೆಗೀತಾಳೆ, ತಲೆ ನರೆತ ಗಂಡ ನಿಂತಿದಾನೆ. ಬಾಯಿ ಬಿಟ್ಟು ಮೊದಲ ಮಾತು ಏನ್ ಆಡ್ತಾನೆ? 'ಊಟ ಆಯ್ತಾ?' ರೀ, ಇಪ್ಪತ್ತೆರಡು ವರ್ಷ ನಾಪತ್ತೆಯಾಗಿದ್ದು ಬಂದು ಊಟ ಆಯ್ತಾ ಅಂತ ಕೇಳೋ ಗಂಡಸು ಲೋಕದಲ್ಲಿ ನೀವೊಬ್ರೇ. ಆಯಮ್ಮ ಸತ್ತರೂ ಇಂಥ ಸಾಲು ಬರೀತಿರ್ಲಿಲ್ಲ."

ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು. ಇದು ಅವರೇ ಬರೆದದ್ದು, ಕಣೆ. ನಾಲ್ಕು ಪದ. ಹೇಳಿದರೆ ಅವಳು ಬಿಳುಚಿಕೊಳ್ಳುತ್ತಾಳೆ, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಎದುರಿಗೆ ಓಡುತ್ತಾಳೆ, ಇಬ್ಬರೂ ಈ ಹಾಳೆಯ ಮೇಲೆ ತಲೆ ಬಾಗಿಸಿ ಮತ್ತೆ ಮೊದಲನೆಯ ಸಂಪುಟದಿಂದ ಶುರುಮಾಡುತ್ತಾರೆ. ಅಷ್ಟು ದೂರ ಅವನಿಗೆ ಕಂಡಿತು. ಅದಕ್ಕಿಂತ ಹತ್ತಿರದಲ್ಲಿ, ಅವಳು ತನ್ನನ್ನು ನೋಡುತ್ತಿರುವುದೂ ಕಂಡಿತು.

"ಹೂಂ," ಎಂದ. "ನಾನೇ."

"ಯಾಕ್ರೀ?"

"ಸುಮ್ನೆ."

"ಅಲ್ಲ, ಅವಳು ಬಾಗಿಲು ತೆಗೀಬೇಕು ಅಂತ ನಿಮಗ್ಯಾಕೆ ಅನ್ನಿಸ್ತು? ಅಷ್ಟು ವರ್ಷ ಅವಳನ್ನ ಕೇಳ್ದೇ ಇದ್ದವನಿಗೆ?"

ಅವನು ನೆಲ ನೋಡಿದ. ಉತ್ತರಕ್ಕಾಗಿ ಹುಡುಕಲಿಲ್ಲ, ತಾನಾಗಿ ಬಂತು. "ಹೊರಗೆ ನಿಂತಿದಾನಲ್ಲ. ಕಾಲು ನೋಯ್ತಿರುತ್ತೆ."

ಅವಳು ಕುರ್ಚಿಯಲ್ಲಿ ಕೂತು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದಳು, ಈ ಸಲ ನಿಧಾನವಾಗಿ, ಒಂದೊಂದು ಸಾಲಿಗೂ ನಿಂತು. ಅವನು ಎದುರಿಗೆ ನಿಂತಿದ್ದ. ಅವಳ ಮುಖಕ್ಕೆ ಆ ಕಳೆ ಏರುವುದನ್ನು, ಮೂರು ಅಡಿ ದೂರದಿಂದ, ತನ್ನ ಕಡೆಗೆ ಏರುವುದನ್ನು ನೋಡಿದ. ಸಂತೋಷವಾಯಿತು. ಅದರ ಬೆನ್ನಿಗೇ ಹಳೆಯ ಉರಿ ಕಚ್ಚಿತು, ಈ ಸಲ ಸತ್ತುಹೋದ ಆ ಹೆಂಗಸಿನ ಮೇಲೆ. ಆ ಕಳೆ ಅವಳದು. ಊಟ ಆಯ್ತಾ ಎಂಬ ಎರಡು ಪದವನ್ನು ಸಾಯುವ ಎಂಟು ದಿನ ಮೊದಲು ಬಡಿದು ಕಳಿಸಿದ್ದು ಅವಳು. ತನ್ನದೆಂದು ಇದ್ದದ್ದು ಕಾಲುನೋವು ಮಾತ್ರ.

"ಎರಡನೇ ಸಲ ಓದಿದ್ರೆ ಚೆನ್ನಾಗಿದೆ ಕಣ್ರೀ," ಎಂದಳು ಮೆಲ್ಲಗೆ. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. "ಅವರಿಗೆ ತೋರಿಸ್ಲಾ?"

"ಬೇಡ. ನಿಂಗೊಬ್ಬಳಿಗೇ ಬರೆದದ್ದು."

ಅವಳು ತಲೆಯಾಡಿಸಿದಳು. ಟೀಪಾಯಿಯ ಮೇಲಿನ ರಾಶಿಯಿಂದ ಎಂಟನೆಯ ಸಂಪುಟ ಎಳೆದು, ಕೊನೆಯ ಪುಟ ತೆರೆದು, ಹಾಳೆಯನ್ನು ಅದರ ಎದುರಿಗೆ ಇಟ್ಟಳು. ಅದು ಇರಬೇಕಾದ ಜಾಗದಲ್ಲೇ ಕೂತಿತು. ಅಂಚು ಸರಿಮಾಡಿದಳು. ಮುಚ್ಚಲು ಹೋದವಳು ತಡೆದು, ತನ್ನ ಕೈಚೀಲದಿಂದ ಪೆನ್ನು ತೆಗೆದುಕೊಟ್ಟಳು. ರಕ್ತದ ಸೀಸೆಗಳ ಮೇಲೆ ಹೆಸರು ಬರೆಯುವ, ಅಳಿಸಿ ಹೋಗದ ಶಾಯಿಯ ಪೆನ್ನು.

"ಕೆಳಗೆ ನಿಮ್ಮ ಹೆಸರು ಹಾಕಿ. ಇಲ್ದಿದ್ರೆ ನಾಳೆ ಯಾರಾದ್ರೂ ಓದಿದೋರು ಆಯಮ್ಮನೇ ಬರೆದದ್ದು ಅಂದ್ಕೊಂಡಾರು. ಪಾಪ, ಅವರ ಹೆಸರು ಕೆಡೋದು ಬೇಡ."

ಇಪ್ಪತ್ತೇಳು ವರ್ಷದಲ್ಲಿ ಅವನು ತಪ್ಪುಗಳನ್ನು ಬಿಟ್ಟದ್ದುಂಟು, ಒಂದನ್ನೂ ತಾನಾಗಿ ಬರೆದಿರಲಿಲ್ಲ. ಬಗ್ಗಿ, ಕೊನೆಯ ಸಾಲಿನ ಕೆಳಗೆ, ಗುಂಡಾದ ಅಕ್ಷರಗಳಲ್ಲಿ ಹೆಸರು ಬರೆದ. ಅವಳು ಶಾಯಿ ಆರಲೆಂದು ಎರಡು ಸಲ ಊದಿ, ಪುಸ್ತಕ ಮುಚ್ಚಿದಳು.